ಅಂಕಯಂತ್ರವೂ ನಮ್ಮ ಲೋಕವ್ಯವಹಾರವೂ

(ಮಹೋತ್ಸವದ ನಿಮಿತ್ತ ಘೋಡಗೇರಿಯಲ್ಲಿ ನೆರೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಗೊತ್ತುಪಡಿಸಿದ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಡಿಜಿಟಲ್ ಯಂತ್ರಗಳಿಂದ ನಮ್ಮ ಅರ್ಥವ್ಯವಹಾರವೂ ಸಮಾಜವೂ ಹೇಗೆ ಮಾರ್ಪಡುತ್ತಲಿವೆ ಎಂಬುದೇ ಆ ವಿಷಯವಾಗಿರುತ್ತದೆ. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿ, ತಾಡವಾಲೆಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಇದನ್ನೇಕೆ ಒಪ್ಪಿಸಿದರೆಂದು ಕೆಲವರು ಅಚ್ಚರಿಪಟ್ಟಿರಬಹುದು. ಆದರೆ ಯೋಚಿಸುತ್ತ ಹೋದಂತೆ, ಈ ವಿಷಯವು ತರ್ಕಶಾಸ್ತ್ರದ ಹೊಸ್ತಿಲಿಗೇ ಬಂದು ನಿಂತಿರುವುದು ನನಗೆ ಕಂಡಿತು. ಒಂದು ಮಾತು ನಿಜವೆಂಬುದನ್ನು ಯಾವುದರಿಂದ ತಿಳಿಯತಕ್ಕದ್ದು? ಕಣ್ಣಾರೆ ಕಂಡುದರಿಂದ, ಊಹಿಸಿದುದರಿಂದ, ಹೋಲಿಕೆಯಿಂದ, ನಂಬತಕ್ಕವರ ಮಾತಿನಿಂದ ಎಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ. ನಾಲ್ಕನೆಯದು ಶಬ್ದಪ್ರಮಾಣ. ಇದ್ದುದನ್ನು ಇದ್ದಂತೆ ನುಡಿಯುವವನು ಆಪ್ತನು. ಅವನ ವಾಕ್ಯವೇ ಪ್ರಮಾಣವು. ಸಾಲ, ಮಾರಾಟ, ವಾಟಣಿ, ಮದುವೆ ಮೊದಲಾದ ಲೋಕವ್ಯವಹಾರವೆಲ್ಲ ಬಹುಮಟ್ಟಿಗೆ ಈ ಪ್ರಮಾಣದ ಮೇಲೆಯೇ ನಡೆದುಬಂದಿದೆ. ಹೊಲದ ಎಲ್ಲೆಯನ್ನು ಊರ ಹಿರಿಯರು ಹೇಳುತ್ತಿದ್ದರು. ಸಾಲದ ಲೆಕ್ಕವನ್ನು ಸಾವಕಾರನ ಕೀರ್ದಿಯು ಹೇಳುತ್ತಿತ್ತು. ಕಾಳಿನ ಧಾರಣೆಯನ್ನು ಪೇಟೆಯ ದಲಾಲನು ಹೇಳುತ್ತಿದ್ದನು. ಇವರೆಲ್ಲರೂ ಸದಾ ಆಪ್ತರಾಗಿದ್ದರೆಂದು ನಾನು ಹೇಳಲಾರೆ. ಆದರೆ ಅವರ ಮುಖವು ನಮಗೆ ಗೊತ್ತಿತ್ತು. ಈಗ ಅವರೆಲ್ಲರ ಸ್ಥಾನದಲ್ಲಿ ಒಂದು ಯಂತ್ರವು ಬಂದು ಕುಳಿತಿರುವುದು.

ಡಿಜಿಟಲ್ ಎಂಬ ಶಬ್ದದ ಮೂಲವನ್ನು ಹುಡುಕಿದರೆ ಅದು ಲ್ಯಾಟಿನ್ ಭಾಷೆಯ 'ಬೆರಳು' ಎಂಬರ್ಥದ ಪದದಿಂದ ಬಂದುದಾಗಿದೆ. ಮನುಷ್ಯನು ಮೊದಲು ಬೆರಳೆಣಿಸಿ ಲೆಕ್ಕ ಮಾಡಿದನು. ಆದಕಾರಣ ಬೆರಳಿನ ಹೆಸರೇ ಅಂಕೆಗೂ ನಿಂತಿತು. ಅಕ್ಷರ, ಧ್ವನಿ, ಚಿತ್ರ, ಹಣ ಯಾವುದೇ ಇರಲಿ, ಅದನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳ ಸಾಲನ್ನಾಗಿ ಮಾರ್ಪಡಿಸಿ, ಕ್ಷಣಮಾತ್ರದಲ್ಲಿ ಎಣಿಸಿ, ಎಷ್ಟು ದೂರಕ್ಕಾದರೂ ಕಳುಹುವುದೇ ಈ ಯಂತ್ರದ ಕೆಲಸವು. ಇದಕ್ಕಿಂತ ಹೆಚ್ಚಿನ ಮಾಯೆಯೇನೂ ಇದರಲ್ಲಿಲ್ಲ. ವ್ಯವಹಾರಕ್ಕೆ ಬೇಕಾದ ಲೆಕ್ಕವನ್ನು ಜನರ ನುಡಿಯಲ್ಲಿಯೇ ತಿಳಿಸಬೇಕೆಂಬ ಆಶೆಯಾದರೂ ಕನ್ನಡಿಗರಿಗೆ ಹೊಸದಲ್ಲ. ೧೨ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು.

ಯಂತ್ರವು ನಮ್ಮ ಸೀಮೆಗೆ ಬಂದುದು ಇದೇ ಮೊದಲೂ ಅಲ್ಲ. ೧೮೮೫ರಲ್ಲಿ ಕಂಪನಿಯೊಂದು ಹುಟ್ಟಿ, ೧೮೮೭ರ ಸುಮಾರಿಗೆ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯು ನಡೆಯತೊಡಗಿತು. ಮನೆಯ ರಾಟಿಯ ಕೆಲಸವನ್ನು ಘಟಪ್ರಭೆಯು ಮಾಡತೊಡಗಿದಳು. ೧೯೬೯ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗಾರ್ಥವಾಗಿ ಮೊದಲು ಹುಟ್ಟಿದ ಐದೇ ಐದು ಸಂಘಗಳಲ್ಲಿ ಅದೂ ಒಂದು. ವಿದ್ಯುತ್ತು ಎಂಬುದು ದೂರದ ಯಾವುದೋ ಕಚೇರಿಯವರು ದಯಪಾಲಿಸುವ ವಸ್ತುವಾಗದೆ, ಸದಸ್ಯರಾದ ಒಕ್ಕಲಿಗರದೇ ಸಂಘದ ಮೂಲಕ ಮನೆಗೂ ಬಾವಿಗೂ ಬಂದುದು ಈ ತಾಲ್ಲೂಕಿನ ಹೆಮ್ಮೆಯಾಗಿರುತ್ತದೆ. ಈ ಮಾತನ್ನು ಸಭಿಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವುಂಟು. ಆ ಹಿಂದಿನ ಯಂತ್ರಗಳು ನಮ್ಮ ತೋಳಿನ ಕೆಲಸವನ್ನು ತೆಗೆದುಕೊಂಡವು. ಈಗಿನದು ಸಾಕ್ಷಿಯ ಕೆಲಸವನ್ನು ತೆಗೆದುಕೊಂಡಿದೆ. ಎರಡಕ್ಕೂ ಅಂತರವು ಬಹಳ.

ಮೊದಲು ಭೂಮಿಯ ಮಾತು. ನಮ್ಮ ಭಾಗದಲ್ಲಿ ಉತಾರವೆಂದು ಕರೆಯುವ ಕಾಗದವೇ ಒಕ್ಕಲಿಗನ ಪ್ರಾಣವಾಗಿರುತ್ತದೆ. ಮುಂಬಯಿ ಆಧಿಪತ್ಯದ ಕಾಲದಲ್ಲಿ ಊರ ದಫ್ತರವು ವತನದ ಕುಲಕರ್ಣಿಯ ಮನೆಯಲ್ಲಿರುತ್ತಿತ್ತು. ೧೯೫೦ರ ಕಾಯದೆಯಿಂದ ಆ ವತನಗಳು ರದ್ದಾದ ತರುವಾಯ ದಫ್ತರವು ಸಂಬಳದ ತಲಾಠಿಯ ಚೀಲಕ್ಕೆ ಬಂದಿತು. ಚೀಲವು ಬದಲಾದರೂ ಒಕ್ಕಲಿಗನು ಕೈಕಟ್ಟಿ ನಿಲ್ಲುವುದು ಬದಲಾಗಲಿಲ್ಲ. ಉತಾರ ಬೇಕಾದಾಗ ತಲಾಠಿಯು ಸಿಕ್ಕಬೇಕು. ಸಿಕ್ಕರೆ ಅವನ ಮನಸ್ಸು ಪ್ರಸನ್ನವಾಗಬೇಕು. ಪ್ರಸನ್ನವಾಗುವುದಕ್ಕೆ ಏನೇನು ಬೇಕಾಗುತ್ತಿತ್ತೆಂಬುದನ್ನು ಈ ಸಭೆಯಲ್ಲಿ ವಿವರಿಸುವ ಅವಶ್ಯಕತೆಯಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ಒಂದು ಗೀಟು ಆಚೆಗೀಚೆಗೆ ಹೋದರೆ ಒಂದು ತಲೆಮಾರಿನ ಗಳಿಕೆಯು ಕೋರ್ಟಿನ ಪಾಲಾಗುತ್ತಿತ್ತು.

ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯಿಂದ ಈ ದಫ್ತರಗಳನ್ನು ಗಣಕಯಂತ್ರಕ್ಕೇರಿಸಿತು. ೨೦೦೧ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಅದು ವ್ಯಾಪಿಸಿ, ಸುಮಾರು ೬೭ ಲಕ್ಷ ಭೂಮಾಲಿಕರ ೨ ಕೋಟಿ ದಾಖಲೆಗಳು ಯಂತ್ರದೊಳಗೆ ಸೇರಿದವು. ಸುಮಾರು ೯೦೦೦ ಗ್ರಾಮಲೆಕ್ಕಿಗರ ಕೈಯಲ್ಲಿ ಹರಿದು ಹಂಚಿದ್ದ ಕಾಗದವು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ ೧೫ ರೂಪಾಯಿಗೆ ಯಾರು ಕೇಳಿದರೂ ದೊರೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕೆಂಬ ಕಟ್ಟನ್ನು ಯಂತ್ರದಲ್ಲಿಯೇ ಇಡಲಾಯಿತು. ಇಂದು ಅದೇ ಉತಾರವನ್ನು ಹೊಲದ ಬದುವಿನ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಬಹುದು. ಇದನ್ನು ನಾನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ. ಹಿಂದಿನ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರು ಬಿಡುವವರು ಹಿಂದಿನ ಕಾಲದಲ್ಲಿ ಉತಾರಕ್ಕಾಗಿ ಅಲೆದವರಲ್ಲವೆಂದು ತೋರುತ್ತದೆ.

ಆದರೆ ತರ್ಕದ ಪ್ರಶ್ನೆಯು ಇಲ್ಲಿಂದಲೇ ಪ್ರಾರಂಭವಾಗುವುದು. ಯಂತ್ರವು ಯಾವುದನ್ನೂ ತಾನಾಗಿ ಕಂಡುದಲ್ಲ. ಯಾವನೋ ಬರೆದುದನ್ನು ಯಾವನೋ ಒತ್ತಿದನು. ಅದನ್ನೇ ಅದು ಮತ್ತೆ ನುಡಿಯುವುದು. ಹಳೆಯ ದಫ್ತರದಲ್ಲಿ ತಪ್ಪಿದ್ದರೆ ಆ ತಪ್ಪೂ ನಿರ್ಮಲವಾದ ಅಚ್ಚಿನಲ್ಲಿ ಹೊರಬರುವುದು, ಮತ್ತು ಅಚ್ಚಿನಲ್ಲಿ ಬಂದುದರಿಂದಲೇ ಅದಕ್ಕೆ ಹೆಚ್ಚಿನ ಗೌರವವು ಸಲ್ಲುವುದು. ಒಬ್ಬ ಮುದುಕ ಒಕ್ಕಲಿಗನು ಮಠಕ್ಕೆ ಬಂದಾಗ ಮೂರು ಕಾಗದಗಳನ್ನು ನನ್ನ ಮುಂದಿಟ್ಟನು. ಉತಾರದಲ್ಲಿ ಅವನು 'ಶಿವಪ್ಪ', ಆಧಾರದಲ್ಲಿ 'ಶಿವಲಿಂಗಪ್ಪ', ಬ್ಯಾಂಕಿನ ಪುಸ್ತಕದಲ್ಲಿ 'ಶಿವಲಿಂಗ'. ಊರಿನಲ್ಲಿ ಯಾವ ಮಗುವನ್ನು ಕೇಳಿದರೂ ಮೂವರೂ ಒಬ್ಬನೇ ಎಂದು ಹೇಳೀತು. ಯಂತ್ರಕ್ಕೆ ಮಾತ್ರ ಅವರು ಮೂವರು. ೨೦೧೯ರಿಂದ ರೈತರಿಗೆ ವರ್ಷಕ್ಕೆ ಮೂರು ಕಂತುಗಳಲ್ಲಿ ಬರುವ ೬೦೦೦ ರೂಪಾಯಿಯು ಅವನಿಗೆ ಬಾರದೆ ನಿಂತಿತ್ತು. ಅವನು ಕೇಳಿದ ಪ್ರಶ್ನೆಯು ಇದು: "ಅಜ್ಜಾವರೇ, ನಾನು ನಾನೇ ಅಂತ ಯಾರು ಹೇಳಿದರ ಅದು ಕೇಳತೈತ್ರಿ?" ಪಾಠಶಾಲೆಯಲ್ಲಿ ಹನ್ನೆರಡು ವರ್ಷ ತರ್ಕವನ್ನೋದಿದ ನನಗೆ ಇದಕ್ಕಿಂತ ತೀಕ್ಷ್ಣವಾದ ಪೂರ್ವಪಕ್ಷವನ್ನು ಯಾರೂ ಒಡ್ಡಿದ್ದಿಲ್ಲ.

ಇನ್ನೊಂದು ಆಕ್ಷೇಪವನ್ನೂ ಹೇಳಬೇಕು. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮುಂತಾದ ವಿದ್ವಾಂಸರು ಈ ಭೂಮಿ ಯೋಜನೆಯನ್ನು ಪರೀಕ್ಷಿಸಿ, ದಾಖಲೆಗಳು ಒಂದೆಡೆ ಸುಲಭವಾಗಿ ಕಾಣುವಂತಾದುದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಬಂಡವಾಳದವರಿಗೆ ಭೂಮಿಯನ್ನು ಕೈವಶ ಮಾಡಿಕೊಳ್ಳಲು ಅನುಕೂಲವಾಯಿತೆಂದು ಬರೆದರು. ದೀಪವನ್ನು ಹಚ್ಚಿದರೆ ಮನೆಯವರಿಗೂ ಕಾಣುವುದು, ಹೊರಗೆ ನಿಂತವನಿಗೂ ಕಾಣುವುದು. ದೀಪವು ಬೇಡವೆಂದು ಇದರ ಅರ್ಥವಲ್ಲ, ಕದಕ್ಕೆ ಅಗುಳಿಯಿರಬೇಕೆಂಬುದಷ್ಟೇ.

ಇನ್ನು ಪೇಟೆಯ ವಿಚಾರ. ಮೊದಲು ಅಡತಿ ಅಂಗಡಿಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ಧಾರಣೆಯನ್ನು ಕುದುರಿಸುವ ಪದ್ಧತಿಯನ್ನು ಹಿರಿಯರು ಬಲ್ಲರು. ಅದೂ ಬೆರಳಿನ ಲೆಕ್ಕವೇ. ಆದರೆ ಮಾಲಿನ ಒಡೆಯನಿಗೇ ಅದು ಕಾಣುತ್ತಿರಲಿಲ್ಲ. ೨೦೧೪ರಲ್ಲಿ ನಮ್ಮ ರಾಜ್ಯವು ಪೇಟೆಗಳನ್ನೆಲ್ಲ ಗಣಕಯಂತ್ರದಿಂದ ಒಂದಾಗಿ ಜೋಡಿಸಿ, ವ್ಯಾಪಾರಿಗಳು ಬೇರೆ ಊರಿನಿಂದಲೂ ಬೆಲೆ ಹೇಳುವಂಥ ವ್ಯವಸ್ಥೆಯನ್ನು ಪ್ರಾರಂಭಿಸಿತು. ೨೦೧೬ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವೂ ಇದೇ ಬಗೆಯ ರಾಷ್ಟ್ರೀಯ ಪೇಟೆಯನ್ನು ತೆರೆಯಿತು. ಇದರ ಫಲವೇನೆಂಬುದನ್ನು ವಿದ್ವಾಂಸರು ೨೦೨೦ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಲೆಕ್ಕಹಾಕಿ ತೋರಿಸಿದೆ. ಕರ್ನಾಟಕದ ಪೇಟೆಗಳಲ್ಲಿ ಭತ್ತದ ಧಾರಣೆಯು ನೂರಕ್ಕೆ ೫.೧, ಶೇಂಗಾದ್ದು ೩.೬, ಗೋವಿನಜೋಳದ್ದು ೩.೫ರಷ್ಟು ಹೆಚ್ಚಿತು, ಆದರೆ ಹತ್ತಿ, ಹೆಸರು, ತೊಗರಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವು ಕಾಣಲಿಲ್ಲ. ಯಂತ್ರವನ್ನು ಹೊಗಳುವವರೂ ತೆಗಳುವವರೂ ಈ ಎರಡು ಮಾತುಗಳನ್ನು ಒಟ್ಟಿಗೆ ಓದಿಕೊಳ್ಳುವುದು ಒಳ್ಳೆಯದು. ಗೋವಿನಜೋಳವನ್ನು ಬೆಳೆಯುವ ನಮ್ಮವರಿಗೆ ನೂರಕ್ಕೆ ಮೂರೂವರೆಯು ಸಣ್ಣದಲ್ಲ. ಆದರೆ ಅದು ಸುವರ್ಣಯುಗವೂ ಅಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯು ಟೆಂಡರನ್ನು ಯಂತ್ರದಲ್ಲಿಯೇ ನಡೆಯಿಸುವ ದೊಡ್ಡ ಪೇಟೆಗಳಲ್ಲೊಂದು. ಅಲ್ಲಿ ೨೦೨೪ರ ಮಾರ್ಚ್ ೧೧ರಂದು ಧಾರಣೆಯು ಒಮ್ಮೆಲೇ ಕುಸಿದುದರಿಂದ ರೊಚ್ಚಿಗೆದ್ದ ಜನರು ಪೇಟೆಯ ಕಚೇರಿಯ ಮೇಲೆ ಬಿದ್ದು ವಾಹನಗಳನ್ನು ಸುಟ್ಟರು. ಸುಟ್ಟುದು ಸರಿಯೆಂದು ಯಾರೂ ಹೇಳಲಾಗದು. ಆದರೆ ಕಾರಣವನ್ನು ನೋಡಬೇಕು. ಪರದೆಯು ಬೆಲೆಯನ್ನು ತೋರಿಸಿತು. ಬೆಲೆಯು ಏಕೆ ಬಿದ್ದಿತೆಂಬುದನ್ನು ಹೇಳಲಿಲ್ಲ. ದಲಾಲನಾಗಿದ್ದರೆ ಅವನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಜಗಳವಾಡಬಹುದಾಗಿತ್ತು. ಪರದೆಯೊಡನೆ ಜಗಳವಾಡುವುದು ಹೇಗೆ?

ಕಬ್ಬಿನ ಸಂಗತಿಯಂತೂ ನಮ್ಮ ಮನೆಯ ಮಾತು. ಈಗ ಕಟಾವಿನ ಸರದಿಯೂ, ತೂಕದ ಚೀಟಿಯೂ, ಬಿಲ್ಲಿನ ಹಣವೂ ಮೊಬೈಲಿಗೆ ಬರುತ್ತಲಿವೆ. ಕಾಟಾದ ಮೇಲೆ ಕೆಂಪು ಅಂಕೆಗಳು ಬೆಳಗುತ್ತವೆ. ಆದರೂ ಕಾಟಾದ ಮೇಲಿನ ಸಂಶಯವು ನಮ್ಮ ಒಕ್ಕಲಿಗರಲ್ಲಿ ಹೋಗಿಲ್ಲ. ಅದಕ್ಕಿಂತಲೂ ಗಹನವಾದುದು ಇಳುವರಿಯ ವಿಷಯ. ೨೦೨೫-೨೬ರ ಹಂಗಾಮಿಗೆ ಕೇಂದ್ರ ಸರಕಾರವು ನೂರಕ್ಕೆ ೧೦.೨೫ರ ಇಳುವರಿಗೆ ಕ್ವಿಂಟಲಿಗೆ ೩೫೫ ರೂಪಾಯಿಗಳ ದರವನ್ನು ಗೊತ್ತುಮಾಡಿತು. ಇಳುವರಿಯು ಏರಿದಂತೆ ದರವೂ ಏರುವುದು. ಆ ಇಳುವರಿಯನ್ನು ಅಳೆಯುವುದು ಕಾರಖಾನೆಯೊಳಗೆ. ಹೊರಗೆ ಟ್ರಾಕ್ಟರಿನ ಮೇಲೆ ರಾತ್ರಿಯೆಲ್ಲ ಸರದಿಯಲ್ಲಿ ಕುಳಿತವನಿಗೆ ಬರುವುದು ಒಂದು ಅಂಕೆ ಮಾತ್ರ. ದಶಾಂಶದ ನಂತರದ ಒಂದು ಅಂಕೆಯು ಆಚೀಚೆಯಾದರೆ ಒಂದು ಹಳ್ಳಿಯ ಲಕ್ಷಾಂತರ ರೂಪಾಯಿಯು ಆಚೀಚೆಯಾಗುವುದು. ೨೦೨೫ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಒಕ್ಕಲಿಗರು ಟನ್ನಿಗೆ ೩೫೦೦ ರೂಪಾಯಿ ಬೇಕೆಂದು ದಾರಿಯಲ್ಲಿ ಕುಳಿತುದನ್ನೂ, ನವೆಂಬರ್ ೭ರಂದು ಮುಖ್ಯಮಂತ್ರಿಗಳು ೩೩೦೦ ರೂಪಾಯಿಗಳನ್ನು ಘೋಷಿಸಿದುದನ್ನೂ ನೀವೆಲ್ಲ ಬಲ್ಲಿರಿ. ಈ ಸಭೆಯಲ್ಲಿ ಅಲ್ಲಿ ಕುಳಿತು ಬಂದವರೂ ಇದ್ದೀರಿ. ಆ ಸುದ್ದಿಯು ಹಳ್ಳಿಯಿಂದ ಹಳ್ಳಿಗೆ ಹರಡಿದುದು ಮೊಬೈಲಿನಿಂದ. ಆದರೆ ಧಾರಣೆಯು ಏರಿದುದು ಜನರು ಮೈಯಾರೆ ಬಂದು ಬಿಸಿಲು ಚಳಿಗಳಲ್ಲಿ ಕುಳಿತುದರಿಂದ.

ಹಣದ ವಿಚಾರಕ್ಕೆ ಬರುತ್ತೇನೆ. ೨೦೧೬ರ ಏಪ್ರಿಲಿನಲ್ಲಿ ಪ್ರಾರಂಭವಾದ ಯುಪಿಐ ಎಂಬ ಪದ್ಧತಿಯು ಅದೇ ವರ್ಷದ ನವೆಂಬರ್ ೮ರ ನೋಟು ರದ್ದತಿಯ ಬಳಿಕ ಹಬ್ಬತೊಡಗಿ, ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ೨೦೦೦ ಕೋಟಿ ಬಾರಿ ಹಣವು ಅದರ ಮೂಲಕ ಕೈಬದಲಾಯಿಸುವಷ್ಟು ಬೆಳೆಯಿತು. ನಮ್ಮ ಸಂತೆಯಲ್ಲಿ ಬದನೆಕಾಯಿ ಮಾರುವ ತಾಯಿಯ ಬುಟ್ಟಿಯ ಅಂಚಿಗೂ ಚೌಕುಳಿ ಚಿತ್ರದ ಫಲಕವು ನೇತಾಡುತ್ತದೆ. ಚಿಲ್ಲರೆಯ ಕಷ್ಟವು ತೀರಿತು. ಗಲ್ಲಾಪೆಟ್ಟಿಗೆಯ ಕಳವು ತಪ್ಪಿತು. ಬೆಂಗಳೂರಿನಲ್ಲಿ ದುಡಿಯುವ ಮಗನು ಕಳುಹಿದ ಹಣವು ಅವನು ಫೋನಿನಲ್ಲಿ ಮಾತು ಮುಗಿಸುವುದರೊಳಗೆ ಇಲ್ಲಿಗೆ ಬರುವುದು. ಮನಿಯಾರ್ಡರಿಗಾಗಿ ಟಪಾಲಿನವನ ದಾರಿ ಕಾಯ್ದ ದಿನಗಳನ್ನು ಕಂಡ ನನಗೆ ಇದು ಇಂದಿಗೂ ವಿಸ್ಮಯವೇ.

ಆದರೆ ೨೦೨೫ರ ಜುಲೈಯಲ್ಲಿ ನಡೆದುದನ್ನು ನೋಡಿರಿ. ಈ ಯುಪಿಐ ಲೆಕ್ಕಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ಅಂಗಡಿಕಾರರಿಗೆ ನೋಟೀಸುಗಳನ್ನು ಕಳುಹಿತು. ಸರಕಿನ ವ್ಯಾಪಾರವು ವರ್ಷಕ್ಕೆ ೪೦ ಲಕ್ಷ ದಾಟಿದರೆ ನೋಂದಣಿಯಾಗಬೇಕೆಂಬ ನಿಯಮವು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ ೧.೬೩ ಕೋಟಿ ರೂಪಾಯಿಗಳ ವಹಿವಾಟಿನ ಮೇಲೆ ೨೯ ಲಕ್ಷ ತೆರಿಗೆಯನ್ನು ಕೇಳಲಾಯಿತೆಂದು ಪತ್ರಿಕೆಗಳಲ್ಲಿ ಬಂದಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಯಂತ್ರಕ್ಕೆ ಹಣವು ಬಂದುದು ಗೊತ್ತು. ಅದು ಬದನೆಕಾಯಿಯ ಹಣವೋ, ಬೀಗನು ಮರಳಿಸಿದ ಕೈಗಡವೋ ಎಂಬುದು ಗೊತ್ತಿಲ್ಲ. ಬೆಂಗಳೂರಿನ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಹಲಗೆಗಳು ಎದ್ದವು. ಕೊನೆಗೆ ಮುಖ್ಯಮಂತ್ರಿಗಳು ಹಳೆಯ ಬಾಕಿಗಾಗಿ ಪೀಡಿಸುವುದಿಲ್ಲವೆಂದು ಭರವಸೆ ಕೊಟ್ಟ ಬಳಿಕ ಮುಷ್ಕರವು ನಿಂತಿತು. ತೆರಿಗೆಯನ್ನು ಕೊಡತಕ್ಕವನು ಕೊಡಲೇಬೇಕು, ಅದರಲ್ಲಿ ಸಂದೇಹವಿಲ್ಲ. ನಾನು ತೋರಿಸುವುದು ಬೇರೊಂದನ್ನು. ನಗದಿಗೆ ಮರೆವು ಉಂಟು. ಕೈಯಿಂದ ಕೈಗೆ ಹೋದ ಬಳಿಕ ಅದು ಎಲ್ಲಿಂದ ಬಂದಿತೆಂಬುದನ್ನು ಹೇಳದು. ಅಂಕೆಯ ಹಣಕ್ಕೆ ಮರೆವಿಲ್ಲ. ಮರೆಯದ ಹಣವನ್ನು ಕೈಯಲ್ಲಿ ಹಿಡಿಯುವವನು ತಾನೂ ಲೆಕ್ಕ ಬರೆದಿಡುವುದನ್ನು ಕಲಿಯಬೇಕಾಗುತ್ತದೆ; ಹಿಂದಿನ ಸಾವಕಾರರು ದಿನಾಲು ಕೀರ್ದಿ ಬರೆಯದೆ ಮಲಗುತ್ತಿರಲಿಲ್ಲ.

ಉದ್ರಿಯ ವಿಷಯವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಊರ ಅಂಗಡಿಕಾರನು ಸುಗ್ಗಿಯ ತನಕ ಉದ್ರಿ ಕೊಡುತ್ತಿದ್ದನು, ಮನೆತನವನ್ನು ನೋಡಿ. ಈಗ ಮೊಬೈಲಿನೊಳಗಿನ ಸಾಲಗಾರನು ಮುಖವನ್ನೇ ನೋಡದೆ ಐದು ನಿಮಿಷದಲ್ಲಿ ಸಾಲ ಕೊಡುವನು, ಮತ್ತು ಬಾಕಿ ಬಿದ್ದರೆ ಮೊಬೈಲಿನಲ್ಲಿರುವ ಬಂಧುಗಳ ಹೆಸರುಗಳಿಗೆಲ್ಲ ಅವಮಾನದ ಸಂದೇಶಗಳನ್ನು ಕಳುಹುವನು. ಬೇಗ ದೊರೆಯುವ ಸಾಲವು ಅಗ್ಗದ ಸಾಲವೆಂದು ಎಳೆಯರು ತಿಳಿಯಬಾರದು.

ತಾಯಂದಿರ ವಿಷಯದಲ್ಲಿ ಈ ಬದಲಾವಣೆಯು ಮಾಡಿದ ಹಿತವನ್ನು ಸಂತೋಷದಿಂದ ಹೇಳುತ್ತೇನೆ. ೨೦೨೩ರ ಆಗಸ್ಟ್ ೩೦ರಂದು ಪ್ರಾರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಹೆಸರಿನ ಖಾತೆಗೇ ತಿಂಗಳಿಗೆ ೨೦೦೦ ರೂಪಾಯಿ ನೇರವಾಗಿ ಬರುವಂತೆ ಮಾಡಲಾಯಿತು. ನಡುವೆ ಯಾರ ಕೈಯೂ ಇಲ್ಲ. ಹೆಣ್ಣುಮಗಳ ಹೆಸರಿನಲ್ಲಿ ಹಣವು ಬರುವುದೆಂಬುದು ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಸಲ. ೨೦೨೪ರಲ್ಲಿ ನಮ್ಮ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಒಬ್ಬ ವೃದ್ಧ ತಾಯಿಯು ಈ ಹಣವನ್ನು ಕೂಡಿಟ್ಟು ಊರಿಗೆಲ್ಲ ಹೋಳಿಗೆಯ ಊಟವನ್ನು ಮಾಡಿಸಿದಳು. ಅದೇ ತಾಲ್ಲೂಕಿನ ಇನ್ನೊಬ್ಬ ತಾಯಿಯು ಮಕ್ಕಳಿಗಾಗಿ ಗ್ರಂಥಾಲಯವನ್ನು ಕಟ್ಟಿಸಿದಳು. ಅರ್ಥಶಾಸ್ತ್ರಜ್ಞರು ಇದನ್ನು ಯಾವ ಪಟ್ಟಿಯಲ್ಲಿ ಸೇರಿಸುವರೋ ನಾನರಿಯೆ. ನಮ್ಮಲ್ಲಿ ಇದಕ್ಕೆ ದಾಸೋಹವೆಂದು ಹೆಸರು. ಆದರೆ ಒಂದು ಮಾತನ್ನು ತಾಯಂದಿರು ಕೇಳಬೇಕು. ಖಾತೆಯು ನಿಮ್ಮ ಹೆಸರಿನಲ್ಲಿದ್ದು, ಮೊಬೈಲು ಮಗನ ಕೈಯಲ್ಲಿಯೂ ಗುಪ್ತಸಂಖ್ಯೆಯು ಅಳಿಯನ ಬಾಯಲ್ಲಿಯೂ ಇದ್ದರೆ, ಆ ಹಣವು ಇನ್ನೂ ನಿಮ್ಮ ಮನೆಗೆ ಬಂದಂತಾಗಲಿಲ್ಲ.

ಧಾನ್ಯವೂ ಅಂಕೆಯಾಗಬಲ್ಲುದೆಂಬುದನ್ನು ನಾವು ಕಂಡೆವು. ೨೦೨೩ರ ಜುಲೈಯಿಂದ ಅನ್ನಭಾಗ್ಯದ ಐದು ಕಿಲೋ ಅಕ್ಕಿಯ ಬದಲಾಗಿ ತಲೆಗೆ ೧೭೦ ರೂಪಾಯಿಯು ಖಾತೆಗೆ ಬರುತ್ತಿತ್ತು. ೨೦೨೫ರ ಪ್ರಾರಂಭದಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ನಿಶ್ಚಯವಾಯಿತು. ನ್ಯಾಯಬೆಲೆಯ ಅಂಗಡಿಯಲ್ಲಿ ಈಗ ಹೆಬ್ಬೆರಳನ್ನೊತ್ತಿದ ಹೊರತು ಅಕ್ಕಿಯಿಲ್ಲ. ಇದರಿಂದ ಸತ್ತವರ ಹೆಸರಿನಲ್ಲಿ ಧಾನ್ಯವು ಹೋಗುವುದು ತಪ್ಪಿತೆಂಬುದು ನಿಜ. ಆದರೆ ಕಬ್ಬು ಕಡಿದು, ಕಲ್ಲು ಹೊತ್ತು, ಬಟ್ಟೆ ಒಗೆದು ರೇಖೆಗಳು ಸವೆದುಹೋದ ಬೆರಳನ್ನು ಯಂತ್ರವು ಗುರುತಿಸದು. ಪದೇ ಪದೇ ಒರಸಿ, ಎಣ್ಣೆ ಹಚ್ಚಿ, ಮತ್ತೆ ಒತ್ತುವ ಮುದುಕಿಯರನ್ನು ನೀವು ನೋಡಿರುವಿರಿ. ಬೆರಳಿನಿಂದಲೇ ಹೆಸರು ಪಡೆದ ಯಂತ್ರವು ದುಡಿದ ಬೆರಳನ್ನೇ ಅರಿಯದು. ಇಂಥವರಿಗೆ ಬೇರೆ ದಾರಿಯಿಂದ ಗುರುತು ಹಿಡಿದು ಧಾನ್ಯವನ್ನು ಕೊಡುವುದು ಅಂಗಡಿಯವನ ಕೃಪೆಯ ಮಾತಾಗಬಾರದು, ಅವರ ಹಕ್ಕಾಗಬೇಕು.

ಯಂತ್ರದ ಮೇಲಿನ ಈ ಅಂಧವಿಶ್ವಾಸವನ್ನೇ ಕಳ್ಳರು ಬಂಡವಾಳ ಮಾಡಿಕೊಂಡಿದ್ದಾರೆ. ಪೊಲೀಸರ ವೇಷದಲ್ಲಿ ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡು, ನಿಮ್ಮನ್ನು ಡಿಜಿಟಲ್ ಬಂಧನದಲ್ಲಿಟ್ಟಿದ್ದೇವೆಂದು ಬೆದರಿಸಿ ಹಣವನ್ನು ಸುಲಿಯುವ ದಂಧೆಯು ನಡೆದಿದೆ. ಇಂಥ ಬಂಧನವೆಂಬುದು ಈ ದೇಶದ ಯಾವ ಕಾಯದೆಯಲ್ಲಿಯೂ ಇಲ್ಲ. ೨೦೨೫ರ ಮಾರ್ಚಿನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ವೃದ್ಧ ದಂಪತಿಗಳಿಬ್ಬರು ಇಂಥ ವಂಚಕರ ಕಾಟಕ್ಕೆ ಸಿಕ್ಕು ಹಣವನ್ನೂ ಕಳೆದುಕೊಂಡು ಪ್ರಾಣವನ್ನೂ ಬಿಟ್ಟರು. ಅವರು ಓದುಬರಹ ಬಲ್ಲವರಾಗಿದ್ದರು. ಅವರ ಹತ್ತಿರ ಕುಳಿತು 'ಇದು ಸುಳ್ಳು' ಎಂದು ಹೇಳುವ ಒಬ್ಬ ನೆರೆಯವನು ಆ ಗಳಿಗೆಯಲ್ಲಿ ಇರಲಿಲ್ಲ. ಯಾರಿಗೂ ಹೇಳಕೂಡದೆಂಬುದೇ ಇಂಥ ಕಳ್ಳರು ಹಾಕುವ ಮೊದಲ ಕಟ್ಟು. ಹಣ ಹೋದ ಕೂಡಲೇ ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಬೇಕು. ತಡವಾದಷ್ಟೂ ಹಣವು ಕೈಗೆ ಸಿಕ್ಕುವುದು ದುರ್ಲಭ.

ತರುಣರ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೭೮ರಲ್ಲಿ ಆರ್. ಕೆ. ಬಾಳಿಗರ ಪ್ರ‍ಯತ್ನದಿಂದ ಬೆಂಗಳೂರಿನ ಹೊರಗೆ ಎಲೆಕ್ಟ್ರಾನಿಕ್ಸ್ ಸಿಟಿಯು ಹುಟ್ಟಿದಾಗ, ನಮ್ಮ ಹಳ್ಳಿಯ ಹುಡುಗರ ಅನ್ನವು ಅಲ್ಲಿ ಬೇಯುವುದೆಂದು ಯಾರೂ ಎಣಿಸಿರಲಿಲ್ಲ. ಇಂದು ಗಣಕಯಂತ್ರವನ್ನು ನಡೆಯಿಸುವವರೂ ನಮ್ಮವರು. ಅದರ ಆಜ್ಞೆಯಂತೆ ಬೈಸಿಕಲ್ಲು ಬೈಕುಗಳ ಮೇಲೆ ಮನೆಮನೆಗೆ ಊಟವನ್ನು ಮುಟ್ಟಿಸುವವರೂ ನಮ್ಮವರೇ. ಎರಡನೆಯವರಿಗೆ ಧಣಿಯ ಮುಖವೇ ಇಲ್ಲ. ಕೆಲಸ ಕೊಡುವುದೂ ಯಂತ್ರ, ಕೂಲಿಯನ್ನು ಕಡಿಯುವುದೂ ಯಂತ್ರ, ಒಂದು ಬೆಳಗ್ಗೆ ಕದ ಮುಚ್ಚುವುದೂ ಯಂತ್ರ. ೨೦೨೫ರಲ್ಲಿ ಕರ್ನಾಟಕವು ಇವರಿಗಾಗಿ ಒಂದು ಕಾಯದೆಯನ್ನು ಮಾಡಿತು. ಕಂಪನಿಗಳಿಂದ ನೂರಕ್ಕೆ ೧ರಿಂದ ೫ರ ತನಕ ಕಲ್ಯಾಣ ಶುಲ್ಕವನ್ನು ತೆಗೆದುಕೊಳ್ಳಬೇಕೆಂದೂ, ಕಾರಣವನ್ನು ತಿಳಿಸಿ ೧೪ ದಿನಗಳ ಮುನ್ಸೂಚನೆ ಕೊಡದೆ ಕೆಲಸದಿಂದ ತೆಗೆಯಬಾರದೆಂದೂ ಅದರಲ್ಲಿ ವಿಧಿಸಿದೆ. ಕಾರಣವನ್ನು ತಿಳಿಸಬೇಕೆಂಬ ಈ ಒಂದು ಮಾತು ನನಗೆ ಬಹಳ ಮೆಚ್ಚುಗೆಯಾಯಿತು. ಹೇತುವಿಲ್ಲದ ಪ್ರತಿಜ್ಞೆಯನ್ನು ತರ್ಕವು ಅಂಗೀಕರಿಸದು. ಯಂತ್ರವು ಆಡಿದ ಪ್ರತಿಜ್ಞೆಗೂ ಹೇತುವನ್ನು ಕೇಳುವ ಹಕ್ಕು ಒಕ್ಕಲಿಗನಿಗೂ, ಅಕ್ಕಿಗೆ ನಿಂತ ಮುದುಕಿಗೂ, ಅಂಗಡಿಕಾರನಿಗೂ ಏಕಿರಬಾರದು?

ನನ್ನ ಸ್ವಂತ ಕ್ಷೇತ್ರದ ಒಂದು ಮಾತನ್ನು ಹೇಳದಿದ್ದರೆ ಮನಸ್ಸು ಒಪ್ಪದು. ಫ. ಗು. ಹಳಕಟ್ಟಿಯವರು ಹಳ್ಳಿಹಳ್ಳಿ ತಿರುಗಿ ತಾಡವಾಲೆಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ೧೯೨೫ರಲ್ಲಿ ವಿಜಾಪುರದಲ್ಲಿ ತಾವೇ ಮುದ್ರಣಾಲಯವನ್ನು ಸ್ಥಾಪಿಸಿದರು. ಇಂದು 'ವಚನ ಸಂಚಯ'ವೆಂಬ ಜಾಲತಾಣದಲ್ಲಿ ೨೦,೦೦೦ಕ್ಕೂ ಮಿಕ್ಕಿದ ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದು. ಒಂದು ಪದಪ್ರಯೋಗಕ್ಕಾಗಿ ಕಟ್ಟುಗಳನ್ನು ಬಿಚ್ಚಿ ವಾರಗಟ್ಟಲೆ ಕುಳಿತವನಿಗೆ ಇದು ವರಪ್ರಸಾದ. ಅದೇ ಮೊಬೈಲಿನಲ್ಲಿ ಬಸವಣ್ಣನವರ ಅಂಕಿತವನ್ನು ಹಚ್ಚಿದ, ಅವರು ಎಂದೂ ಬರೆಯದ ವಾಕ್ಯಗಳೂ ದಿನಾಲು ಬರುತ್ತಲಿವೆ. ಈಗ ಯಂತ್ರವೇ ಹೊಸ ವಾಕ್ಯವನ್ನು ಹೆಣೆಯಬಲ್ಲುದು. ಕೂಟವಚನಗಳ ಪೀಡೆಯು ಓಲೆಯ ಕಾಲದಲ್ಲಿಯೂ ಇತ್ತು. ಆದರೆ ಒಬ್ಬ ಲಿಪಿಕಾರನು ಒಂದು ಸುಳ್ಳನ್ನು ಬರೆಯುವಷ್ಟರಲ್ಲಿ ಎಣ್ಣೆಯ ದೀಪವು ಆರುತ್ತಿತ್ತು.

ಹಾಗಾದರೆ ನಾವು ಮಾಡತಕ್ಕದ್ದೇನು? ಯಂತ್ರವನ್ನು ದೂರವಿಡುವುದು ಆಗದ ಮಾತು, ಬೇಕೂ ಇಲ್ಲ. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಒಕ್ಕಲಿಗರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಾವಕಾರನ ಕೀರ್ದಿಯನ್ನು ಓದಲಾರದ ಒಬ್ಬೊಬ್ಬನೇ ಸೋಲುತ್ತಿದ್ದನು. ಹತ್ತು ಜನರು ಸೇರಿ ತಮ್ಮದೇ ಕೀರ್ದಿಯನ್ನು ಬರೆದಾಗ ಗೆದ್ದರು. ಹುಕ್ಕೇರಿಯ ವಿದ್ಯುತ್ ಸಂಘದ ಮಾತನ್ನು ಮೊದಲು ಹೇಳಿದ್ದು ಇದೇ ಕಾರಣದಿಂದ. ವಿದ್ಯುತ್ತನ್ನು ಕೂಡಿ ತಂದವರು ಈ ಹೊಸ ಶಕ್ತಿಯನ್ನೂ ಕೂಡಿಯೇ ಎದುರುಗೊಳ್ಳಬಹುದು. ನಮ್ಮ ಸೊಸಾಯಿಟಿಗಳು ಕಬ್ಬಿನ ತೂಕವನ್ನೂ ಇಳುವರಿಯ ಅಂಕೆಗಳನ್ನೂ ಸದಸ್ಯರಿಂದ ಕೇಳಿ, ವರ್ಷವರ್ಷವೂ ಒಂದು ವಹಿಯಲ್ಲಿ ಬರೆದಿಟ್ಟರೆ, ಕಾರಖಾನೆಯವರ ಎದುರು ಕುಳಿತಾಗ ನಮ್ಮ ಕೈಯಲ್ಲಿಯೂ ಒಂದು ಲೆಕ್ಕವಿರುವುದು. ಇದಕ್ಕೆ ಸರಕಾರದ ಅಪ್ಪಣೆಯು ಬೇಕಿಲ್ಲ.

ಮಠದಿಂದ ಆಗಬಹುದಾದುದು ಇನ್ನೂ ಸಣ್ಣದು, ಆದರೆ ನಾಳೆಯೇ ಆಗಬಹುದಾದುದು. ಅಮಾವಾಸ್ಯೆಯ ದಿವಸ ಸುತ್ತಣ ಹಳ್ಳಿಗಳ ಜನರು ಮಠಕ್ಕೆ ಬರುವ ವಾಡಿಕೆಯುಂಟು. ಅಂದು ಪ್ರಸಾದದ ತರುವಾಯ ಪಡಸಾಲೆಯಲ್ಲಿ ಓದು ಬಲ್ಲ ನಾಲ್ವರು ತರುಣರು ಕುಳಿತು, ಬಂದವರ ಉತಾರ, ಆಧಾರ, ಬ್ಯಾಂಕಿನ ಪುಸ್ತಕ ಈ ಮೂರನ್ನೂ ಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರಶಃ ಓದಿಹೇಳಬೇಕು. ವ್ಯತ್ಯಾಸವಿದ್ದಲ್ಲಿ ಅರ್ಜಿಯನ್ನು ಅಲ್ಲಿಯೇ ಬರೆದು ಕೊಡಬೇಕು. ಸತ್ತವರ ಹೆಸರಿನಲ್ಲಿಯೇ ಉಳಿದ ಹೊಲಗಳಿಗೆ ಪೌತಿ ಖಾತೆಯ ಕಾಗದಗಳನ್ನು ಸಿದ್ಧಪಡಿಸಬೇಕು. ಅಕ್ಕಿ ಸಿಕ್ಕದ ಮುದುಕಿಯ ಹೆಸರನ್ನು ಬರೆದುಕೊಂಡು ಇಬ್ಬರು ಅವಳೊಡನೆ ಕಚೇರಿಗೆ ಹೋಗಬೇಕು. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳನ್ನು ಇದಕ್ಕೆ ಕೊಡಲು ನಾನು ಸಿದ್ಧನಿದ್ದೇನೆ, ಪೂಜ್ಯರ ಅಪ್ಪಣೆಯಾಗಬೇಕು. ಅಪ್ಪಣೆಯಾದರೆ ಬರುವ ಅಮಾವಾಸ್ಯೆಗೆ ಬರುವವರೆಲ್ಲ ಆ ಮೂರು ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಬರಬೇಕು. ಗುಪ್ತಸಂಖ್ಯೆಯನ್ನು ಮಾತ್ರ ನಮ್ಮ ಹುಡುಗರು ಕೇಳಿದರೂ ಹೇಳಕೂಡದು.